ಗರಿಕೆ ಇಡದ ಬಾಟಲಿ

ಸೊಲ್ಲಾಪುರದಿಂದ ಅಕ್ಕಲಕೋಟೆ, ಅಲ್ಲಿಂದ ತಡವಳ. ಎರಡು ಬಸ್ಸು ಬದಲಿಸಿ ಬಂದ ಮಯೂರಿ ಚಪ್ಪಲಿಯನ್ನೂ ಬಿಡದೆ ಅಡುಗೆಮನೆಗೆ ನುಗ್ಗಿದಳು. ಶನಿವಾರ ತಾನೇ ಟವೆಲ್ಲಿನಲ್ಲಿ ಸುತ್ತಿ ಒಲೆಯ ಮೂಲೆಯಲ್ಲಿಟ್ಟಿದ್ದ ಗಾಜಿನ ಬಾಟಲಿ ಅಲ್ಲಿರಲಿಲ್ಲ. ಅಂಗಳದಲ್ಲಿ, ತೊಳೆದು ಬೋರಲು ಹಾಕಿದ ಪಾತ್ರೆಗಳ ನಡುವೆ ಅದು ಫಳಫಳ ಹೊಳೆಯುತ್ತಿತ್ತು.

"ಅವ್ವಾ, ಇದರಾಗಿನ ನೀರು?"

"ಚೆಲ್ಲಿದೆ. ನಿನ್ನಿ ಸಂಜಿಕ ಗ್ರಹಣ ಇತ್ತಲ್ಲ," ಎಂದಳು ಉಮಾಬಾಯಿ, ಜೋಳ ಹಸನು ಮಾಡುತ್ತ. "ಗರಿಕಿ ಇಡದ್ದು ಯಾವದೂ ಇಟ್ಕೋಬಾರದು. ಮ್ಯಾಲ ಅದು ನಾರಾಕತ್ತಿತ್ತು. ಬಿಸಿನೀರು, ಫಿನಾಯಿಲ್ ಹಾಕಿ ತಿಕ್ಕೀನಿ. ಬಾಟ್ಲಿ ಛಲೋ ಐತಿ, ಎಣ್ಣಿಗಿ ಆಗ್ತೈತಿ."

ಮಯೂರಿ ಬಾಟಲಿ ಎತ್ತಿ ಬೆಳಕಿಗೆ ಹಿಡಿದಳು. ಆ ನಾರುವ ನೀರಿನಲ್ಲಿದ್ದದ್ದು ಪ್ಲಾಸ್ಟಿಕ್ ತಿನ್ನುವ ಬ್ಯಾಕ್ಟೀರಿಯಾ. ಸೊಲ್ಲಾಪುರದ ಕಸದ ಗುಡ್ಡೆಯ ಮಣ್ಣಿನಿಂದ ಹುಡುಕಿ ತೆಗೆದು ಮೂರು ವರ್ಷ ಸಾಕಿದ್ದಳು. ಕ್ಯಾರಿಬ್ಯಾಗಿನ ಚೂರಿನಲ್ಲಿ ಮೊದಲ ತೂತು ಕಂಡ ದಿನ ಊಟ ಮರೆತು ಕುಣಿದಿದ್ದಳು. ಹೋದ ವಾರ ಕಾಲೇಜಿನಲ್ಲಿ ಅವನ್ನು ಬೆಚ್ಚಗಿಡುವ ಪೆಟ್ಟಿಗೆ ಕೆಟ್ಟು, ಉಳಿದ ಬಾಟಲಿಗಳಲ್ಲಿ ಎಲ್ಲವೂ ಸತ್ತಿದ್ದವು. ಬದುಕಿದ್ದ ಇದೊಂದನ್ನು, ಅವ್ವ ಹಾಲಿಗೆ ಹೆಪ್ಪು ಹಾಕಿ ಇಡುವ ಬೆಚ್ಚನೆ ಮೂಲೆಯೇ ವಾಸಿ ಎಂದು ಇಲ್ಲಿಗೆ ತಂದಿದ್ದಳು. ಶುಕ್ರವಾರ ಪರೀಕ್ಷಕರು ಬರುವವರಿದ್ದರು. ಅವನ್ನು ಜೀವಂತವಾಗಿ ತೋರಿಸದಿದ್ದರೆ ಅವಳ ಸಂಶೋಧನೆ ಅಲ್ಲಿಗೇ ರದ್ದು.

"ಎಲ್ಲಿ ಚೆಲ್ಲಿದಿ?"

ಉಮಾಬಾಯಿ ಬಚ್ಚಲ ಗಟಾರ ತೋರಿಸಿದಳು. ಮಯೂರಿ ಮಂಡಿಯೂರಿ ಎರಡೂ ಕೈಯಿಂದ ಕೆಸರು ಬಾಚತೊಡಗಿದಳು. ಫಿನಾಯಿಲ್ ವಾಸನೆ ಮೂಗಿಗೆ ಬಡಿಯಿತು. ಅದರಲ್ಲಿ ಏನೂ ಉಳಿದಿರುವುದಿಲ್ಲವೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಕೈ ನಿಲ್ಲಲಿಲ್ಲ.

"ಹುಚ್ಚಿ, ಏನಿತ್ತ ಅದರಾಗ?" ಉಮಾಬಾಯಿ ಗಾಬರಿಯಾಗಿ ಓಡಿ ಬಂದಳು.

ಮಯೂರಿ ಬಿಕ್ಕುತ್ತಲೇ ಎಲ್ಲ ಹೇಳಿದಳು. ಮೂರು ವರ್ಷದಲ್ಲಿ ಇದೇ ಮೊದಲ ಸಲ. ಕೇಳಿದಾಗಲೆಲ್ಲ "ನಿನಗ ತಿಳಿಯಾಂಗಿಲ್ಲ ಬಿಡವ್ವ" ಎಂದು ಬಾಯಿ ಮುಚ್ಚಿಸಿದವಳು ಅವಳೇ. ಓದಿದವರ ಜಂಬ ಅದು. ಶನಿವಾರ ಬಾಟಲಿ ಇಡುವಾಗಲೂ ಒಂದು ಮಾತು ಹೇಳಿರಲಿಲ್ಲ.

ಉಮಾಬಾಯಿ ಸೀರೆ ಎತ್ತಿ ಕಟ್ಟಿ, ಮಗಳ ಪಕ್ಕ ಕೆಸರಿನಲ್ಲೇ ಕೂತು ತಾನೂ ಬಾಚತೊಡಗಿದಳು.

"ಹಾಲಿಗಿ ಇಟ್ಟೆ, ಮೊಸರಿಗಿ ಇಟ್ಟೆ, ಉಪ್ಪಿನಕಾಯಿಗೂ ಇಟ್ಟೆ ಗರಿಕಿ," ಎಂದಳು. "ಜೀವ ಐತಿ ಅಂತ ಹೇಳಿದ್ರ ಅದಕ್ಕೂ ಒಂದು ಎಳಿ ಇಡ್ತಿದ್ನಲ್ಲವ್ವಾ."