ವಸಡಿಗೆ ಹತ್ತು ದಿನ ಕೊಡಿ

ಬೆಳಿಗ್ಗೆ ಹಲ್ಲುಜ್ಜಿ ಉಗಿದಾಗ ನೀರು ಕೆಂಪಗೆ ಕಂಡರೆ ನೀವೇನು ಮಾಡುತ್ತೀರಿ? ನಲ್ಲಿ ತಿರುಗಿಸಿ ತೊಳೆದು ಸುಮ್ಮನಾಗುತ್ತೀರಿ. ನಾನೂ ಮೂರು ವರ್ಷ ಅದನ್ನೇ ಮಾಡಿದೆ. ಆಮೇಲೆ ಬಾಯಿ ವಾಸನೆ ಶುರುವಾಯಿತು. ಅದರ ಹಿಂದೆಯೇ ಕೆಳಸಾಲಿನ ಮುಂದಿನ ನಾಲ್ಕು ಹಲ್ಲು ನಾಲಿಗೆ ತಗುಲಿದರೆ ಸಾಕು, ಅಲ್ಲಾಡತೊಡಗಿದವು. ಬೆಂದ ಮರಗೆಣಸು ಕಚ್ಚುವುದಕ್ಕೂ ಭಯ. ನನಗಾಗ ನಲವತ್ತಮೂರು. ನಮ್ಮಮ್ಮ ಆ ವಯಸ್ಸಿಗೆಲ್ಲ ಬೊಚ್ಚುಬಾಯಿಯಾಗಿದ್ದಳು, ನಗುವಾಗ ಅಂಗೈ ಅಡ್ಡ ಹಿಡಿಯುತ್ತಿದ್ದಳು. ನನ್ನ ಗತಿಯೂ ಅದೇ ಎಂದು ಒಳಗೊಳಗೇ ಸಂಕಟ.

ನನ್ನ ಹೆಸರು ಸುನಿಲ್ದಾ. ಪರಾಗ್ವೆಯ ವಿಯಾರಿಕಾ ಪೇಟೆಯಲ್ಲಿ ಮೂಲಿಕೆ ಮಾರುತ್ತೇನೆ. ಜನ ಕೇಳಿದ ಬೇರು, ಎಲೆಗಳನ್ನು ಕುಟ್ಟಾಣಿಯಲ್ಲಿ ಜಜ್ಜಿ ಕೊಡುತ್ತೇನೆ, ಅವರು ಅದನ್ನು ತೆರೆರೆ ಎಂಬ ನಮ್ಮ ತಣ್ಣನೆಯ ಪಾನೀಯದ ಐಸ್ ನೀರಿಗೆ ಹಾಕಿಕೊಳ್ಳುತ್ತಾರೆ. ಕೊಂಬಿನ ಬಟ್ಟಲಲ್ಲಿ ಸೊಪ್ಪಿನ ಪುಡಿ, ಅದಕ್ಕೊಂದು ಲೋಹದ ಕೊಳವೆ. ಒಬ್ಬರು ಹೀರಿ ಮುಗಿಸಿದರೆ ಬಟ್ಟಲು ಮತ್ತೆ ತುಂಬಿ ಇನ್ನೊಬ್ಬರ ಕೈಗೆ. ಬೆಳಿಗ್ಗೆಯಿಂದ ಸಂಜೆವರೆಗೆ ನಮ್ಮ ಮಾತೆಲ್ಲ ಆ ಬಟ್ಟಲಿನ ಸುತ್ತಲೇ.

ಊರಿಗೆಲ್ಲ ಮದ್ದು ಕೊಡುವವಳು ನಾನು, ಇನ್ನು ನನ್ನ ವಸಡು ಯಾವ ಲೆಕ್ಕ ಎಂಬ ಜಂಬ ನನ್ನದು. ಎಲೆ ಕುದಿಸಿ ಮುಕ್ಕಳಿಸಿದೆ, ತೊಗಟೆ ಅರೆದು ಹಚ್ಚಿದೆ. ವಾಸನೆ ಎರಡು ದಿನ ತಗ್ಗಿತು. ಹಲ್ಲು ಮಾತ್ರ ಅಲ್ಲಾಡುತ್ತಲೇ ಇತ್ತು.

ಪಕ್ಕದ ಮನೆಯ ನಿಮಿಯಾ ದಂತ ವೈದ್ಯೆಯ ಬಳಿ ಸಹಾಯಕಿಯಾಗಿದ್ದಾಳೆ. ಒಂದು ಭಾನುವಾರ ಬೇಲಿಯ ಆಚೆಯಿಂದಲೇ ಕರೆದಳು. ಹಿರಿಯ ಹೆಂಗಸರನ್ನು ನಾವು ಗೌರವದಿಂದ 'ಞಾ' ಎನ್ನುತ್ತೇವೆ.

"ಞಾ ಸುನಿಲ್ದಾ, ಎಲ್ಲಿ, ಸ್ವಲ್ಪ ಬಾಯಿ ತೆಗೀರಿ."

"ಯಾಕಮ್ಮಾ, ಕುದುರೆ ವ್ಯಾಪಾರಕ್ಕೆ ಬಂದಿದೀಯಾ?"

"ತಮಾಷೆ ಆಮೇಲೆ ಮಾಡಿ. ಅಯ್ಯೋ, ಹಲ್ಲಿನ ಬುಡದಲ್ಲಿ ಕಲ್ಲು ಕಟ್ಟಿದೆ. ವಸಡು ಹಲ್ಲನ್ನ ಬಿಟ್ಕೊಟ್ಟಿದೆ. ನಿಮ್ಮ ಎಲೆ ಅಷ್ಟು ಆಳಕ್ಕೆ ಇಳಿಯಲ್ಲ. ಹೀಗೇ ಬಿಟ್ರೆ ನಾಲ್ಕೂ ಹೋಗ್ತವೆ."

ಅಂತೂ ಹೋದೆ. ವೈದ್ಯೆ ಮರಗಟ್ಟಿಸುವ ಸೂಜಿ ಚುಚ್ಚಿದರು. ಕೂದಲಿನಷ್ಟು ಸಣ್ಣ ತಂತಿಯ ತುದಿಯಿಂದ ಲೇಸರ್ ಬೆಳಕು ಬಿಟ್ಟು, ವಸಡಿನ ಒಳಗಿನ ಕೊಳೆತ ಭಾಗ ತೆಗೆದರು, ಕಲ್ಲು ಕೆರೆದರು. ಚಾಕುವಿಲ್ಲ, ಹೊಲಿಗೆಯಿಲ್ಲ. ಮನೆಗೆ ಬಂದಾಗ ಕೈಯಲ್ಲೊಂದು ಚೀಟಿ. ನಿಮಿಯಾ ಎದುರಿಗೆ ಕೂತು ಓದಿ ಹೇಳಿದಳು.

"ಮೊದಲ ಮೂರು ದಿನ ಬರೀ ನೀರಾದ ಊಟ. ಉಗುರುಬೆಚ್ಚಗಿನ ಗಂಜಿ, ಸೋಸಿದ ಸಾರು. ಆಮೇಲೆ ಅಗಿಯೋ ಕೆಲಸ ಇಲ್ಲದ ಮೆತ್ತಗಿನದು. ಬಿಸಿ ಬೇಡ, ಖಾರ ಬೇಡ, ಬೀಜ ಇರೋ ಹಣ್ಣು ಬೇಡ. ಲೇಸರ್ ಮಾಡಿದ ಜಾಗಕ್ಕೆ ಡಾಕ್ಟರ್ ಹೇಳೋವರೆಗೆ ಬ್ರಷ್ ಹಾಕ್ಬೇಡಿ, ಉಳಿದ ಹಲ್ಲು ಉಜ್ಜಿ. ಔಷಧಿ ನೀರನ್ನ ಬಾಯಲ್ಲಿ ಮೆಲ್ಲಗೆ ಆಡಿಸಿ ತಾನಾಗೇ ಹೊರಗೆ ಇಳಿಯೋ ಹಾಗೆ ಬಿಡಿ, ಜೋರಾಗಿ ಉಗೀಬೇಡಿ. ಎರಡು ದಿನ ಕುಟ್ಟಾಣಿ ಮುಟ್ಟಬೇಡಿ."

"ಇಷ್ಟೇನಾ?"

"ಮುಖ್ಯವಾದದ್ದು ಈಗ ಬಂತು. ಹತ್ತು ದಿನ ತೆರೆರೆ ಇಲ್ಲ."

ನನಗೆ ನಗು ಬಂತು. "ತೆರೆರೆ ತಣ್ಣಗಿರುತ್ತಲ್ಲೇ!"

"ತಣ್ಣಗೆ ಬಿಸಿ ಪ್ರಶ್ನೆ ಅಲ್ಲ ಞಾ. ಹಲ್ಲಿಗೂ ವಸಡಿಗೂ ನಡುವೆ ರಕ್ತ ಹೆಪ್ಪುಗಟ್ಟಿ ಮುಚ್ಚಳದ ಹಾಗೆ ಕೂತಿದೆ. ಹೊಲಿಗೆ ಇಲ್ಲದ ಕಡೆ ಅದೇ ಹೊಲಿಗೆ. ಅದರ ಕೆಳಗೆ ವಸಡು ಮತ್ತೆ ಹಲ್ಲಿಗೆ ಅಂಟಿಕೊಳ್ಳಬೇಕು. ನೀವು ಕೊಳವೆಲಿ ಹೀರಿದ್ರೆ ಅದು ಕಿತ್ತು ಬರುತ್ತೆ."

ಮೊದಲ ದಿನ ಕಳೆಯಿತು. ಎಂಜಲಿನಲ್ಲಿ ಸ್ವಲ್ಪ ಕೆಂಪು ಕಂಡಿತು, ಅದು ಸಹಜ ಎಂದು ನಿಮಿಯಾ ಹೇಳಿದ್ದಳು. ಎರಡನೆಯ ದಿನ ನೋವೇ ಇಲ್ಲ. ಕಷ್ಟ ಶುರುವಾದದ್ದೇ ಅಲ್ಲಿಂದ. ನೋವಿದ್ದರೆ ಮನುಷ್ಯ ಒಂದು ಕಡೆ ಬಿದ್ದಿರುತ್ತಾನೆ. ನೋವಿಲ್ಲದ ಗಾಯ ಇಟ್ಟುಕೊಂಡು ಸುಮ್ಮನಿರುವುದು ಹೇಗೆ? ನಮ್ಮ ಕಡೆ ಜನವರಿಯೇ ನಡುಬೇಸಿಗೆ. ಸುಡುವ ಬಿಸಿಲು, ತಗಡಿನ ಮಾಡು. ಕೂತರೆ ಏಳಬೇಕು, ಎದ್ದರೆ ಕೂರಬೇಕು. ನಾಲಿಗೆ ತಡೆದರೂ ಕೇಳದೆ ಆ ಜಾಗಕ್ಕೇ ಹೋಗುತ್ತಿತ್ತು. ಗಂಟೆಗೊಮ್ಮೆ ಕನ್ನಡಿಯ ಮುಂದೆ ನಿಂತು ತುಟಿ ಎಳೆಯುತ್ತಿದ್ದೆ. ಮೂರನೆಯ ದಿನ ವಸಡಿನ ಅಂಚಿಗೆ ಬಿಳಿಯ ಪೊರೆ ಕಂಡು ಕೀವು ಎಂದುಕೊಂಡೆ, ಉಗುರಿನಿಂದ ಕೆರೆಯಲು ಹೊರಟಿದ್ದೆ.

"ಮುಟ್ಟಿದ್ರೆ ನೋಡಿ!" ನಿಮಿಯಾ ಬಾಗಿಲಲ್ಲೇ ಕೂಗಿದಳು. "ಗಾಯ ಮಾಯೋ ಲಕ್ಷಣ ಅದು. ತುಟಿ ಎಳೆದು ಎಳೆದು ನೋಡಿದ್ರೆ ಅದೇ ಹರಿದು ಹೋಗುತ್ತೆ."

ನನ್ನ ಗಂಡ ಕ್ರಿಸ್ಪಿನ್ ಮೂಲೆಯಲ್ಲಿ ಕೂತು ತನ್ನ ತೆರೆರೆ ಹೀರುತ್ತಿದ್ದ. ಕೊನೆಯ ಗುಟುಕಿನ ಗೊರಗೊರ ಸದ್ದಿಗೆ ಮೈಯೆಲ್ಲ ಉರಿಯಿತು. "ಹೊರಗೆ ಹೋಗಿ ಕುಡಿ ಮಾರಾಯ!" ಎಂದು ಕೂಗಿದೆ. ಪಾಪ, ಬಟ್ಟಲು ಎತ್ತಿಕೊಂಡು ಹಿತ್ತಲಿಗೆ ಹೋದ.

ನಾಲ್ಕನೆಯ ದಿನ ತಡೆಯಲಾರದೆ ಅಂಗಡಿ ತೆರೆದೆ. ಎದುರಿನಲ್ಲಿ ಚಿಪಾ ರೊಟ್ಟಿ ಮಾರುವ ಞಾ ಬ್ಲಾಸಿದಾ ನನಗಿಂತ ಇಪ್ಪತ್ತು ವರ್ಷ ದೊಡ್ಡವಳು, ನನ್ನನ್ನು ಎತ್ತಿ ಆಡಿಸಿದವಳು. ಅವಳ ಬಾಯಿಗೆ ಬೀಗವಿಲ್ಲ.

"ಬಂದಳಪ್ಪ ವೈದ್ಯಗಿತ್ತಿ! ಊರಿಗೆಲ್ಲ ಬೇರು ಕೊಡೋಳು ತಾನು ಬೆಳಕು ಹಾಕಿಸ್ಕೊಂಡು ಬಂದಳಂತೆ. ಇನ್ಮೇಲೆ ನಿನ್ನ ಹತ್ರ ಯಾರು ಬರ್ತಾರೆ ಹೇಳು?"

"ಹೊಟ್ಟೆ ಉರೀತದೆ ಅಂತ ಬಂದೋರಿಗೆ ಕೊಡ್ತೀನಿ ಬಿಡಿ. ಹಲ್ಲು ಅಲ್ಲಾಡ್ತದೆ ಅಂದೋರನ್ನ ಡಾಕ್ಟರ್ ಹತ್ರ ಕಳಿಸ್ತೀನಿ."

"ನೋವಿದೆಯಾ?"

"ಇಲ್ಲ."

"ರಕ್ತ?"

"ನಿಂತಿದೆ."

"ಮತ್ತೇನು ರೋಗ ನಿಂಗೆ? ತಗೋ." ತುಂಬಿದ ಬಟ್ಟಲು ನನ್ನ ಮುಂದೆ ಹಿಡಿದಳು. "ಐಸ್ ನೀರು, ನೀನೇ ಜಜ್ಜಿ ಕೊಟ್ಟ ಪುದೀನ. ಸ್ವಂತ ಮದ್ದು ಕುಡಿಯೋಕೂ ಆ ಹುಡುಗಿ ಅಪ್ಪಣೆ ಬೇಕಾ? ನಾಲ್ಕೇ ದಿನಕ್ಕೆ ಮುಖ ನೋಡು, ಒಣಗಿದ ಮೆಕ್ಕೆಜೋಳದ ಸಿಪ್ಪೆ ಆಗಿದೆ."

ಹಿರಿಯಳು ಕೈಯಾರೆ ನೀಡಿದ ಬಟ್ಟಲು. ಬೇಡ ಎಂದರೆ ಮುನಿಸು. ನಿಜ ಹೇಳುತ್ತೇನೆ, ನಾನು ಕುಡಿದದ್ದು ಅವಳ ಮುನಿಸಿಗೆ ಹೆದರಿ ಅಲ್ಲ, ನನಗೇ ಬೇಕಾಗಿತ್ತು. ಒಂದೇ ಗುಟುಕು ಎಂದುಕೊಂಡೆ. ತಂಪು ಗಂಟಲಿಗಿಳಿದದ್ದೇ ಕಣ್ಣು ಮುಚ್ಚಿತು. ಎರಡನೆಯ ಸುತ್ತೂ ಕುಡಿದೆ, ಮೂರನೆಯದೂ ಕುಡಿದೆ. ಪುಡಿ ಸಿಕ್ಕಿ ಕೊಳವೆ ಕಟ್ಟಿಕೊಂಡಿತು. ಕೆನ್ನೆ ಒಳಕ್ಕೆ ಹೋಗುವ ಹಾಗೆ ಜಗ್ಗಿ ಹೀರಿದೆ.

ಬಾಯಿಗೆ ಉಪ್ಪುಪ್ಪು ರುಚಿ ಬಂತು. ಕೊಳವೆ ತೆಗೆದು ನೋಡಿದರೆ ತುದಿ ಕೆಂಪಗಿದೆ, ಒಂದು ಚೂರು ಬಿಳಿಯ ಪೊರೆ ಅದಕ್ಕೆ ಅಂಟಿದೆ.

"ಉಗಿ, ಉಗಿ!" ಎಂದಳು ಬ್ಲಾಸಿದಾ. ಉಗಿದಷ್ಟೂ ರಕ್ತ ಹೆಚ್ಚಾಯಿತು. ಚೀಟಿಯಲ್ಲಿದ್ದದ್ದು ಆಗ ನೆನಪಾಗಿ, ಒದ್ದೆ ಮಾಡಿದ ಶುಭ್ರ ಬಟ್ಟೆ ಮಡಿಸಿ ಒತ್ತಿ ಹಿಡಿದು ನೆಟ್ಟಗೆ ಕೂತೆ. ಬ್ಲಾಸಿದಾ ಅಂಗಡಿ ಹಾಗೇ ಬಿಟ್ಟು ಆಸ್ಪತ್ರೆಗೆ ಕರೆದುಕೊಂಡು ಹೋದಳು. ದಾರಿಯುದ್ದಕ್ಕೂ ನನ್ನ ತೋಳು ಬಿಡಲಿಲ್ಲ.

ವೈದ್ಯೆ ರಕ್ತ ನಿಲ್ಲಿಸಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

"ಮೂರು ಹಲ್ಲಿನ ಹತ್ರ ಮುಚ್ಚಳ ಹಾಗೇ ಇದೆ," ಎಂದರು. "ಎಡಗಡೆ ಇರೋ ಈ ಒಂದರ ಹತ್ರ ಬಿಟ್ಕೊಂಡಿದೆ. ಇವತ್ತಿಂದ ಮತ್ತೆ ಹತ್ತು ದಿನ."

"ಇದೂ ಉಳಿಯುತ್ತಾ ಡಾಕ್ಟರ್?"

"ಈಗಲೇ ಹೇಳೋಕಾಗಲ್ಲ. ಒಳಗೆ ಅಂಟಿಕೊಂಡು ಗಟ್ಟಿಯಾಗೋಕೆ ತಿಂಗಳುಗಟ್ಟಲೆ ಬೇಕು."

ಆ ಹತ್ತು ದಿನ ನಾನು ಅಲುಗಲಿಲ್ಲ. ಲೋಟದಲ್ಲಿ ನೀರು, ಚಮಚದಲ್ಲಿ ಗಂಜಿ. ಬ್ಲಾಸಿದಾ ದಿನಾ ಮಧ್ಯಾಹ್ನ ಮೆಕ್ಕೆಜೋಳದ ಹಿಟ್ಟಿನ ಸಾರು ನಯವಾಗಿ ಸೋಸಿ ತರುತ್ತಿದ್ದಳು. ನಾನು ಚಮಚ ಎತ್ತುವ ಮೊದಲು ತಾನೇ ಬೆರಳು ಅದ್ದಿ, ಬಿಸಿ ಇದೆಯಾ ಎಂದು ನೋಡುತ್ತಿದ್ದಳು.

ಆಮೇಲೂ ನೆಮ್ಮದಿ ಇರಲಿಲ್ಲ. ವೈದ್ಯೆ ಕರೆದಾಗಲೆಲ್ಲ ತಪ್ಪದೆ ಹೋದೆ, ಸ್ವಚ್ಛ ಮಾಡಿಸಿಕೊಂಡೆ, ಕಲಿಸಿದ ಹಾಗೆ ಮೆತ್ತಗಿನ ಬ್ರಷ್‌ನಲ್ಲಿ ಉಜ್ಜಿದೆ. ಮೂರು ಹಲ್ಲು ತಿಂಗಳಿಂದ ತಿಂಗಳಿಗೆ ಬಿಗಿಯಾಗುತ್ತ ಬಂದವು. ಎಡಗಡೆಯದು ಬಿಗಿಯಾಗಲಿಲ್ಲ. ಐದನೆಯ ತಿಂಗಳು ಅದನ್ನು ಕೀಳಬೇಕಾಯಿತು.

"ನಾನು ಹೀರಿದ್ದಕ್ಕೇ ಹೋಯ್ತಾ?" ಎಂದು ಕೇಳಿದೆ.

ವೈದ್ಯೆ ಸುಳ್ಳು ಹೇಳುವವರಲ್ಲ. "ಮೊದಲೇ ಎಲ್ಲಕ್ಕಿಂತ ಸಡಿಲ ಇದ್ದದ್ದು ಇದು. ಹೀರದೇ ಇದ್ದಿದ್ರೂ ಹೋಗ್ತಿತ್ತೋ ಏನೋ. ಆದರೆ ಉಳಿಯೋ ಒಂದು ಅವಕಾಶ ಇತ್ತು."

ಆ ಮಾತು ಇವತ್ತಿಗೂ ನನ್ನನ್ನು ಕೊರೆಯುತ್ತದೆ.

ಹಲ್ಲು ಕೀಳಿಸಿಕೊಂಡು ಮನೆಗೆ ಬಂದಾಗ ಕ್ರಿಸ್ಪಿನ್ ಹಲ್ಲುಜ್ಜುತ್ತಿದ್ದ. ನನ್ನನ್ನು ನೋಡಿದ್ದೇ ಗಡಿಬಿಡಿಯಲ್ಲಿ ನಲ್ಲಿ ತಿರುಗಿಸಿದ. ನಾನು ಅವನ ಕೈ ಹಿಡಿದು ನಲ್ಲಿ ನಿಲ್ಲಿಸಿದೆ. ತೊಟ್ಟಿಯಲ್ಲಿ ಕೆಂಪು.

"ಎಷ್ಟು ದಿನದಿಂದ?"

"ಬಿಡೇ, ಬ್ರಷ್ ಗಟ್ಟಿ ಇದೆ ಅಷ್ಟೇ."

"ಎಷ್ಟು ದಿನದಿಂದ ಕ್ರಿಸ್ಪಿನ್?"

ಅವನು ತಲೆ ತಗ್ಗಿಸಿದ. "ಒಂದು ವರ್ಷ ಆಯ್ತು. ನಿನ್ನ ಪಾಡು ನೋಡಿ ಹೆದರಿದ್ದೆ. ಹತ್ತು ದಿನ ನನ್ನ ಕೈಲಿ ಆಗಲ್ಲ ಅನ್ನಿಸ್ತು."

ನಾನು ಬಾಯಿ ತೆರೆದು ಖಾಲಿ ಜಾಗ ತೋರಿಸಿದೆ. ಹತ್ತಿ ಇನ್ನೂ ಅಲ್ಲೇ ಇತ್ತು. ಅವನು ಬಹಳ ಹೊತ್ತು ನೋಡಿದ. ಸೋಮವಾರ ತಾನಾಗಿಯೇ ಅಂಗಿ ಬದಲಿಸಿಕೊಂಡು ವೈದ್ಯೆಯ ಬಳಿಗೆ ಹೊರಟ. ನನಗಿಂತ ಬೇಗ ಹೋದದ್ದರಿಂದ ಅವನಿಗೆ ಲೇಸರ್ ಬೇಕಾಗಲಿಲ್ಲ, ಬರೀ ಕಲ್ಲು ತೆಗೆದು ಕಳಿಸಿದರು.

ಅಕ್ಕಂದಿರೇ, ಅಣ್ಣಂದಿರೇ, ವಸಡಿನಿಂದ ರಕ್ತ ಬಂದರೆ ನಲ್ಲಿ ತಿರುಗಿಸಿ ಮರೆಯಬೇಡಿ, ದಂತ ವೈದ್ಯರಿಗೆ ತೋರಿಸಿ. ಲೇಸರ್ ಮಾಡಿಸಿಕೊಂಡರೆ ಅವರು ಹೇಳಿದಷ್ಟು ದಿನ ಹೀರಬೇಡಿ, ಸೇದಬೇಡಿ, ಕೆದಕಬೇಡಿ. ರಕ್ತ ನಿಲ್ಲದಿದ್ದರೆ, ಜ್ವರ ಬಂದರೆ, ಊತ ಏರುತ್ತಲೇ ಹೋದರೆ ತಡಮಾಡದೆ ಓಡಿ. ಚಡಪಡಿಕೆ ಆಗುತ್ತದೆ, ಆಗಲಿ. ಚಡಪಡಿಕೆಗೆ ಯಾರ ಹಲ್ಲೂ ಉದುರುವುದಿಲ್ಲ. ಯಾರಾದರೂ ಪ್ರೀತಿಯಿಂದ ಬಟ್ಟಲು ಮುಂದೆ ಹಿಡಿದರೆ ಬೇಡ ಎನ್ನಿ. ಅವರ ಮುನಿಸು ಎರಡು ದಿನದಲ್ಲಿ ಇಳಿಯುತ್ತದೆ. ಹೋದ ಹಲ್ಲು ಮತ್ತೆ ಹುಟ್ಟುವುದಿಲ್ಲ.