ಏಲಂ ನಡುವೆ ಬಂದ ಫೋನು

ಮೀನು ಮಾರುವ ಬಾಗಿ ತನ್ನ ಆಟೋ ರಿಪೇರಿಗೆಂದು ಕ್ರೆಡಿಟ್ ಕಾರ್ಡಿನಲ್ಲಿ ಮಾಡಿದ ಸಾಲ ಬಡ್ಡಿ ಸೇರಿ ದುಪ್ಪಟ್ಟಾಗಿತ್ತು. ಅದನ್ನು ಬೇರೆ ಬ್ಯಾಂಕಿನ ಹೊಸ ಕಾರ್ಡಿಗೆ ದಾಟಿಸಿದರೆ ಆರು ತಿಂಗಳು ಬಡ್ಡಿಯಿಲ್ಲ. ಆದರೆ ಇಷ್ಟು ಸಾಲ ಇದ್ದವರಿಗೆ ಕಾರ್ಡ್ ಕೊಡುವುದಿಲ್ಲವೆಂದು ಎರಡು ಬ್ಯಾಂಕಿನವರು ಆಗಲೇ ಹೇಳಿದ್ದರು. ಮೂರನೆಯವರ ಉತ್ತರ ಬರಬೇಕಿತ್ತು.

ಗಂಗೊಳ್ಳಿ ಬಂದರಿನಲ್ಲಿ ಮೀನಿನ ಏಲಂ ಜೋರಾಗಿದ್ದಾಗ ಮಗಳು ಪೂಜಿತಾ ಫೋನು ಮಾಡಿದಳು.

"ಅಮ್ಮಾ, ಕಾರ್ಡ್ ಪಾಸಾಯ್ತ್! ಪೂರ್ತಿ ಸಾಲ ದಾಟ್ಸುಕೆ ಆತ್ತಂಬ್ರ್!"

ಬಾಗಿ ಕೈ ಮೇಲೆತ್ತಿ ಕುಣಿದೇಬಿಟ್ಟಳು. ಏಲಂನಲ್ಲಿ ಕೈ ಎತ್ತಿದರೆ ಬೆಲೆ ಒಪ್ಪಿದ ಹಾಗೆ. ಏಲಂ ಕೂಗುತ್ತಿದ್ದ ಅಣ್ಣಯ್ಯ ದುಬಾರಿ ಅಂಜಲ್ ಮೀನಿನ ಬುಟ್ಟಿಯನ್ನು ಅವಳ ಮುಂದಕ್ಕೆ ನೂಕಿದ.

"ಹ್ವಾಯ್ ಬಾಗಕ್ಕ, ದಿನಾ ತಕಂಬ ಬಂಗುಡೆ ಬಿಟ್ಟ್ ಅಂಜಲ್‌ಗೆ ಕೈ ಹಾಕಿದ್ರ್ಯಾ?" ಎಂದು ಪಕ್ಕದ ಹೆಂಗಸರು ನಕ್ಕರು.

"ಬೇಡ್ದಿದ್ರೆ ಬಿಡಿ, ಮತ್ತೆ ಕೂಗ್ತೆ," ಅಂದ ಅಣ್ಣಯ್ಯ.

ಬಾಗಿ ಸೊಂಟದ ಚೀಲ ಬಿಚ್ಚಿದಳು. ಈ ತಿಂಗಳ ಬಡ್ಡಿಗೆಂದು ಎತ್ತಿಟ್ಟ ನೋಟುಗಳು ಅದರಲ್ಲಿದ್ದವು.

"ಎಂತಕ್ಕೆ ಬಿಡುದ್? ಬಡ್ಡಿ ದುಡ್ಡಲ್ಲಿ ಇವತ್ತ್ ಮೀನ್ ತಕಂತೆ, ಮಾರಿ ಬಂದದ್ದೆಲ್ಲ ಅಸಲಿಗೆ. ನೀ ಕಾಣ್ತಾ ನಿಂತದ್ ಸಾಕ್ ಮಾರಾಯಾ, ಬುಟ್ಟಿ ತಲೆಗೆ ಹೊರ್ಸ್!"