ಎತ್ತಿ ಹೊಯ್ದ ನೀರು

ಶೀನ ಶೆಟ್ಟರು ಮೂವತ್ತೆಂಟು ವರ್ಷ ಮುಂಬೈಯ ಹೋಟೆಲೊಂದರಲ್ಲಿ ಚಾ ಮಾಸ್ಟರ್ ಆಗಿದ್ದವರು. ಬಲಗೈಯ ಡಬರಿಯನ್ನು ತಲೆಯ ಮೇಲಕ್ಕೆತ್ತಿ, ಎಡಗೈಯ ಡಬರಿಯನ್ನು ಸೊಂಟದ ಕೆಳಗಿಳಿಸಿ ಅವರು ಚಾ ಹೊಯ್ಯುವಾಗ ಗಿರಾಕಿಗಳು ಕೈಯಲ್ಲಿದ್ದ ಪೇಪರ್ ಕೆಳಗಿಟ್ಟು ನೋಡುತ್ತಿದ್ದರಂತೆ. ಹೀಗೆಂದು ಹೇಳುವವರೂ ಶೆಟ್ಟರೇ, ಬೇರೆ ಸಾಕ್ಷಿ ಇಲ್ಲ. ಕೆಲಸ ಬಿಟ್ಟು ವಂಡ್ಸೆಯ ಮನೆಗೆ ಬಂದ ಮೇಲೆ, ಅಡುಗೆಮನೆ ಹೆಂಡತಿ ಪ್ರಭಾವತಿಯ ರಾಜ್ಯವೆಂದು ಅವರಿಗೆ ಗೊತ್ತಾಯಿತು. ಡಬರಿಗಳು ಅಟ್ಟ ಸೇರಿದವು. ಉಳಿದದ್ದು ಬಾಯಿ ಒಂದೇ, ಆ ಬಾಯಿಯೇ ಅವರ ಮರ್ಯಾದೆ ತೆಗೆಯಿತು.

ಮಗ ನಿತೇಶನ ಮದುವೆ ಮುಗಿದು ಸೊಸೆ ಪ್ರಣೀತಾ ಬ್ರಹ್ಮಾವರದಿಂದ ಬಂದಿಳಿದಾಗ, ಕಾರಿನ ಹಿಂದಿನ ಸೀಟಿನಲ್ಲಿ ಒಂದು ಗಾಜಿನ ತೊಟ್ಟಿಯೂ ಒಂದು ಬಕೆಟ್ಟೂ ಇದ್ದವು. ಬಕೆಟ್ಟಿನೊಳಗೆ ಅಂಗೈಯಗಲದ ಗೋಲ್ಡ್ ಫಿಶ್. ಹಟ್ಟಿಯ ದನಕ್ಕೆ ಇಡುವ ಹಾಗೆ ಅದಕ್ಕೆ ಕೆಂಪಿ ಎಂದು ಹೆಸರಿಟ್ಟಿದ್ದರು. ಮನೆ ತುಂಬ ನೆಂಟರು. ಶೆಟ್ಟರು ಬಗ್ಗಿ ನೋಡಿ, "ಇದನ್ನ ಪುಳಿಮುಂಚಿ ಸಾರ್ ಮಾಡಿರೆ ಎಷ್ಟ್ ಜನಕ್ಕೆ ಆತ್ತ್ ಮಾರಾಯ್ರೆ?" ಎಂದುಬಿಟ್ಟರು.

ನೆಂಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ಪ್ರಣೀತಾ ನಗಲಿಲ್ಲ. ಅದು ಅವಳ ಅಪ್ಪ ಒಂಬತ್ತು ವರ್ಷ ಸಾಕಿದ ಮೀನು. ಕೊನೆಯ ಸಲ ಆಸ್ಪತ್ರೆಗೆ ಹೊರಟ ದಿನವೂ ಅವರು ಅದಕ್ಕೆ ತಿನ್ನಲು ಹಾಕಿಯೇ ಹೊಸ್ತಿಲು ದಾಟಿದ್ದರಂತೆ. ಶೆಟ್ಟರಿಗೆ ಇದು ತಿಳಿದದ್ದು ಮರುದಿನ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಸೊಸೆ ಜಗಳಗಂಟಿಯಲ್ಲ. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಹೊತ್ತಿಗೆ ಸರಿಯಾಗಿ ಊಟಕ್ಕೆ ಕರೆಯುತ್ತಿದ್ದಳು. ಆದರೆ ಮೂರು ತಿಂಗಳಲ್ಲಿ ಮಾವನ ಹತ್ತಿರ ತಾನಾಗಿ ಏನನ್ನೂ ಕೇಳಿರಲಿಲ್ಲ. ಶೆಟ್ಟರು ಚಾವಡಿಗೆ ಬಂದರೆ ಸಾಕು, ಏನೋ ಕೆಲಸವಿದ್ದವಳ ಹಾಗೆ ಬಂದು ತೊಟ್ಟಿಗೂ ಅವರಿಗೂ ನಡುವೆ ನಿಲ್ಲುತ್ತಿದ್ದಳು. ನಾನೇನು ಬೆಕ್ಕೇ ಎಂದು ಶೆಟ್ಟರಿಗೆ ಸಂಕಟವಾಗುತ್ತಿತ್ತು.

ಆ ಮಂಗಳವಾರ ಪ್ರಣೀತಾ ತಾಯಿಯನ್ನು ಕಣ್ಣಿನ ಡಾಕ್ಟರಿಗೆ ತೋರಿಸಲು ಬ್ರಹ್ಮಾವರಕ್ಕೆ ಹೋಗಿದ್ದಳು. ತೊಟ್ಟಿಯ ಗಾಜಿಗೆ ಹಸಿರು ಪಾಚಿ ಕಟ್ಟಿದ್ದು ಶೆಟ್ಟರ ಕಣ್ಣಿಗೆ ಬಿತ್ತು. ಅವಳು ಬರುವುದರೊಳಗೆ ಥಳಥಳ ಹೊಳೆಯುವ ಹಾಗೆ ಮಾಡಿಟ್ಟರೆ? ತಪ್ಪಾಯಿತು ಎನ್ನಲು ನಾಲಗೆ ಏಳದವರಿಗೆ ಕೈಯಲ್ಲಿ ಹೇಳುವುದು ಸುಲಭ. ಶೆಟ್ಟರು ಲುಂಗಿ ಎತ್ತಿ ಕಟ್ಟಿದರು.

ಹೋಟೆಲಿನ ಕ್ರಮವೆಂದರೆ ಕ್ರಮ. ಕೆಂಪಿಯನ್ನು ಬಕೆಟ್ಟಿಗೆ ಬಿಟ್ಟು, ಹಳೆಯ ನೀರನ್ನು ಒಂದು ಹನಿಯೂ ಉಳಿಸದೆ ತೆಂಗಿನ ಬುಡಕ್ಕೆ ಚೆಲ್ಲಿದರು. ಗಾಜು, ಕಲ್ಲು, ರಬ್ಬರ್ ಕೊಳವೆ, ಎಲ್ಲವನ್ನೂ ತೆಂಗಿನ ನಾರು ಹಾಕಿ ತಿಕ್ಕಿದರು. ಪಕ್ಕದ ಹಲಗೆಯ ಮೇಲೆ ಸದಾ ಗುಂಯ್‌ಗುಡುತ್ತಿದ್ದ, ಸಾಬೂನಿನ ಪೆಟ್ಟಿಗೆಯಷ್ಟೇ ದೊಡ್ಡದಾದ ಗಾಳಿಯ ಪಂಪಿಗೂ ಧೂಳು ಹಿಡಿದಿತ್ತು. ಅದನ್ನೂ ನಲ್ಲಿಯ ಕೆಳಗೆ ಹಿಡಿದು ಚೆನ್ನಾಗಿ ತೊಳೆದರು. ಆಮೇಲೆ ಬೋರ್‌ವೆಲ್ಲಿನ ಪೈಪು ಎಳೆದು ತಂದು ತೊಟ್ಟಿ ತುಂಬಿಸಿ ಕೆಂಪಿಯನ್ನು ಬಿಟ್ಟರು. ಮುನ್ನೂರು ಅಡಿಯ ಆ ಬೋರ್ ಅವರದೇ ಸಂಪಾದನೆಯದು, ಮನೆಗೆ ಬಂದವರಿಗೆ ಅದರ ನೀರು ಒಂದು ಲೋಟವಾದರೂ ಕುಡಿಸದೆ ಕಳಿಸುತ್ತಿರಲಿಲ್ಲ.

ಸ್ವಲ್ಪ ಹೊತ್ತಿಗೆ ತೊಟ್ಟಿ ಬೆಳಗಿತು. ಗಾಜಿನ ಮೇಲೆ, ಕಲ್ಲಿನ ಮೇಲೆ, ಕೆಂಪಿಯ ರೆಕ್ಕೆಬಾಲಗಳ ಮೇಲೆಲ್ಲ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಅಂಟಿಕೊಂಡು ಮಿನುಗುತ್ತಿದ್ದವು.

"ಬಾ ಇಲ್ಲೆ, ಕಾಣ್!" ಎಂದು ಹೆಂಡತಿಯನ್ನು ಕರೆದರು. "ನೀರ್ ತುಂಬ ಗಾಳಿಯೇ ಇತ್ತ್. ಬೋರಿನ ನೀರ್ ಅಂದ್ರೆ ಹೀಂಗಿರ್ಕ್! ಇನ್ನ್ ಆ ಪಂಪ್ ಎಂತಕೆ?"

ಪ್ರಭಾವತಿಯೂ ಮೆಚ್ಚಿ ತಲೆಯಾಡಿಸಿ ಒಳಗೆ ಹೋದರು. ಅರ್ಧ ಗಂಟೆ ಬಿಟ್ಟು ಬಂದವರು ಮಾತ್ರ ಮೂಗಿನ ಮೇಲೆ ಬೆರಳಿಟ್ಟರು.

"ಹ್ವಾಯ್, ಇದ್ ಎಂತಕೆ ಹೀಂಗ್ ಬಾಯ್ ಬಿಡ್ತಾ ಇತ್ತ್?"

ಕೆಂಪಿ ನೀರಿನ ಮೇಲಕ್ಕೆ ಬಂದು, ಬಾಯಿ ಹೊರಗೆ ಹಾಕಿ ಗುಟುಕು ಗುಟುಕಾಗಿ ಏದುತ್ತಿತ್ತು. ಹಸಿವಿರಬೇಕೆಂದು ಶೆಟ್ಟರು ತಿನ್ನಲು ಹಾಕಿದರು. ಅದು ತಿರುಗಿಯೂ ನೋಡಲಿಲ್ಲ. ಗಾಬರಿಯಾಗಿ ಪಂಪಿನ ಪ್ಲಗ್ಗು ಚುಚ್ಚಿದರೆ ಚಟ್ ಎಂದದ್ದಷ್ಟೇ. ಅಲ್ಲಾಡಿಸಿದರೆ ಒಳಗಿನಿಂದ ನೀರು ತೊಟ್ಟಿಕ್ಕಿತು.

ಕುಂದಾಪುರದ ಸೊಸೈಟಿಯಲ್ಲಿ ಕೆಲಸದಲ್ಲಿದ್ದ ನಿತೇಶನಿಗೆ ಫೋನ್ ಹೋಯಿತು.

"ಅಯ್ಯೋ ಅಪ್ಪಯ್ಯ, ಪಂಪನ್ನ ಯಾರಾರೂ ತೊಳಿತ್ರಾ?" ಎಂದ ಅವನು. "ಆ ಗುಳ್ಳಿ ಮೀನಿಗೆ ಬೇಕಾದ ಗಾಳಿ ಅಲ್ಲ. ಅಷ್ಟ್ ಆಳದ ನೀರಗೆ ಆಕ್ಸಿಜನ್ ಇಪ್ಪುದೇ ಕಮ್ಮಿ. ಅಡಿಯಗೆ ಒತ್ತಡಕ್ಕೆ ಸಿಕ್ಕಿದ್ ಬೇರೆ ಗ್ಯಾಸ್ ಮೇಲ್ ಬಂದ್ ಗುಳ್ಳಿ ಆತ್ತ್, ಅಷ್ಟೆ. ಪ್ರಣೀತಾ ಬೋರಿನ ನೀರನ್ನ ಎರಡ್ ದಿನ ಬಕೆಟಗೆ ಇಟ್ಟೇ ಹಾಕುದ್. ಹೊಸ ಪಂಪ್ ತಕಂಡ್ ಬತ್ತೆ, ಆರ್ ಗಂಟಿ ಆತ್ತ್."

ಆಗ ಗಡಿಯಾರದಲ್ಲಿ ಹನ್ನೆರಡೂವರೆ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು.

"ಪ್ರಣೀತಂಗೆ ಒಂದ್ ಫೋನ್ ಮಾಡಿ," ಎಂದರು ಪ್ರಭಾವತಿ.

"ಎಂತ ಹೇಳುದ್? ಅಂದ್ ಪುಳಿಮುಂಚಿ ಅಂದವ ಇವತ್ತ್ ಕೊಂದೇ ಬಿಟ್ಟ ಅಂತ ತಿಳ್ಕಂಬುದಿಲ್ದಾ ಅವ್ಳ್?" ಶೆಟ್ಟರು ಫೋನನ್ನು ದೂರ ತಳ್ಳಿದರು.

ಏನು ಮಾಡಲೂ ತೋಚದೆ ಅವರು ಒಂದು ಮಗ್ಗಿನಲ್ಲಿ ತೊಟ್ಟಿಯ ನೀರು ಮೊಗೆದರು. ಎತ್ತಿದ ಮಗ್ಗು ವಾಲಿ, ನೀರು ಎತ್ತರದಿಂದ ದಬದಬನೆ ತೊಟ್ಟಿಗೇ ಬಿತ್ತು. ಬಿದ್ದ ಕಡೆ ನೊರೆ ಎದ್ದಿತು. ಮೂಲೆಯಲ್ಲಿದ್ದ ಕೆಂಪಿ ಮೆಲ್ಲಗೆ ಈಜಿ ಆ ನೊರೆಯ ಕೆಳಗೆ ಬಂದು ನಿಂತಿತು. ಶೆಟ್ಟರು ಇನ್ನೊಂದು ಮಗ್ಗು ಎತ್ತಿ ಹೊಯ್ದರು. ಅದು ಅಲ್ಲಿಂದ ಕದಲಲಿಲ್ಲ.

ಚಾವನ್ನು ಯಾಕೆ ಎತ್ತಿ ಹೊಯ್ಯುತ್ತಾರೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬೀಳುವ ದಾರಿಯಲ್ಲಿ ಗಾಳಿ ಸೇರಿಕೊಳ್ಳುತ್ತದೆ, ಅದಕ್ಕೇ ನೊರೆ.

"ಅಟ್ಟದ್ ಮೇಲಿಂದ ನನ್ ಡಬರಿ ತೆಗಿ!" ಎಂದು ಕೂಗಿದರು.

ಮೊದಲ ಗಂಟೆ ಶೆಟ್ಟರಿಗೆ ಹುರುಪೇ ಹುರುಪು. ತೊಟ್ಟಿಯ ನೀರು ಮೊಗೆದು, ಡಬರಿಯಿಂದ ಡಬರಿಗೆ ಎರಡು ಸಲ ಎಳೆದು, ಮೂರನೆಯ ಸಲ ತಲೆಯ ಮೇಲಿಂದ ತೊಟ್ಟಿಯ ಮೂಲೆಗೆ ಧಾರೆ ಬಿಡುತ್ತಿದ್ದರು. ಎರಡನೆಯ ಗಂಟೆಗೆ ಭುಜ ಮಾತಾಡಲು ಶುರುಮಾಡಿತು. ಹತ್ತು ನಿಮಿಷ ಕೂತರೆ ಕೆಂಪಿ ಮತ್ತೆ ಮೇಲಕ್ಕೆ ಬಂದು ಬಾಯಿ ಬಿಡುತ್ತಿತ್ತು, ಇವರು ಮತ್ತೆ ಏಳುತ್ತಿದ್ದರು. ಪ್ರಭಾವತಿ ಅನ್ನ ಕಲಸಿ ತಂದು ತುತ್ತು ಮಾಡಿ ಅವರ ಬಾಯಿಗಿಟ್ಟರು. ನಲವತ್ತು ವರ್ಷದ ಸಂಸಾರದಲ್ಲಿ ಅದೇ ಮೊದಲು. ಬೇರೆ ದಿನವಾಗಿದ್ದರೆ ಶೆಟ್ಟರು ಅದಕ್ಕೊಂದು ತಮಾಷೆ ಮಾಡದೆ ಬಿಡುತ್ತಿರಲಿಲ್ಲ.

ನಾಲ್ಕು ಗಂಟೆಯ ಹೊತ್ತಿಗೆ, "ಕೆಂಪಿ, ತಪ್ಪಾಯ್ತ್ ಮಾರಾಯ್ತಿ. ಒಂದ್ ಚೂರ್ ತಡ್ಕೋ," ಎಂದು ಶೆಟ್ಟರು ಮೀನಿನ ಹತ್ತಿರ ಹೇಳಿದ್ದು ಪ್ರಭಾವತಿಗೆ ಕೇಳಿಸಿತು. ಅವರು ಕೇಳಿಸದವರ ಹಾಗೆ ನೆಲ ಒರೆಸಿದರು.

ಐದು ಗಂಟೆಗೆ, ಪಂಪಿಗಿಂತ ಮೊದಲೇ ಪ್ರಣೀತಾ ಬಂದಳು. ಬಾಗಿಲಲ್ಲೇ ನಿಂತಳು. ಚಾವಡಿಯ ತುಂಬ ನೀರು, ಎದೆಯಿಂದ ಪಾದದವರೆಗೆ ನೆನೆದ ಮಾವ, ಕೈಯಲ್ಲಿ ಡಬರಿ. ಶೆಟ್ಟರು ಅವಳನ್ನು ನೋಡಿದರೂ ಹೊಯ್ಯುವುದನ್ನು ನಿಲ್ಲಿಸಲಿಲ್ಲ. ಹೊಯ್ಯುತ್ತಲೇ ಎಲ್ಲ ಹೇಳಿದರು: ತೊಟ್ಟಿ ತೊಳೆದದ್ದು, ಪಂಪು ತೊಳೆದದ್ದು, ಬೋರಿನ ನೀರು.

"ತಪ್ಪ್ ನಂದೇ. ಅಂದ್ ಆಡಿದ್ ಮಾತೂ ತಪ್ಪೇ. ಆವತ್ತೇ ಹೇಳ್ಕಿತ್ತ್, ಹೇಳುಕೆ ಬಾಯಿ ಬರ್ಲಿಲ್ಲ."

ಪ್ರಣೀತಾ ತೊಟ್ಟಿಯ ಹತ್ತಿರ ಬಂದು ಬಗ್ಗಿದಳು. ಗಾಜಿಗೆ ಅಂಟಿದ್ದ ಗುಳ್ಳೆಗಳು ಹೆಚ್ಚುಕಡಿಮೆ ಹೋಗಿದ್ದವು. ಕೆಂಪಿ ನಡುನೀರಿನಲ್ಲಿ ನಿಂತು ನಿಧಾನವಾಗಿ ಬಾಲ ಆಡಿಸುತ್ತಿತ್ತು.

"ಕೊಲ್ಲುವವ್ರ್ ಹೀಂಗ್ ಒದ್ದೆ ಆತ್ರಾ ಮಾವ?" ಎಂದು, ಹೆಗಲ ಚೀಲ ಇಳಿಸಿ ಅವರ ಕೈಯಿಂದ ಡಬರಿ ತೆಗೆದುಕೊಂಡಳು. ಅವಳು ಹೊಯ್ದದ್ದರಲ್ಲಿ ಅರ್ಧ ಹೊರಗೇ ಬಿತ್ತು.

"ಇನ್ನೂ ಎತ್ಕ್, ಇನ್ನೂ ಎತ್ಕ್," ಎಂದರು ಶೆಟ್ಟರು, ಗೋಡೆಗೆ ಒರಗಿ.

ಆರೂಕಾಲಿಗೆ ನಿತೇಶ ಬಂದು ಹೊಸ ಪಂಪು ಜೋಡಿಸಿದ. ಗುಂಯ್ ಎಂಬ ಸದ್ದು ಎದ್ದಿತು, ಕೊಳವೆಯ ತುದಿಯಿಂದ ಗುಳ್ಳೆಗಳು ಸಾಲಾಗಿ ಮೇಲಕ್ಕೇರಿ ಒಡೆದವು. ಸ್ವಲ್ಪ ಹೊತ್ತಿಗೆ ಕೆಂಪಿ ಮಧ್ಯಾಹ್ನ ಬಿಟ್ಟಿದ್ದ ತಿಂಡಿಯನ್ನು ಕಲ್ಲಿನ ಸಂದಿಯಲ್ಲಿ ಹುಡುಕತೊಡಗಿತು. ಶೆಟ್ಟರಿಗೆ ಕಣ್ಣು ತುಂಬಿ ಬಂತು. ಒರೆಸಿಕೊಳ್ಳೋಣವೆಂದರೆ ಬಲಗೈ ಮೇಲೇಳಲಿಲ್ಲ.

ಪ್ರಣೀತಾ ತೊಟ್ಟಿಗೆ ಬೆನ್ನು ಹಾಕಿ ಕುರ್ಚಿಯಲ್ಲಿ ಕೂತಳು.

"ಮಾವ, ನಂಗೆ ಒಂದ್ ಚಾ ಬೇಕಿತ್ತ್. ನೀವೇ ಮಾಡಿ ಕೊಡ್ಕ್."

ಶೆಟ್ಟರು ಡಬರಿ ಹಿಡಿದು ಅಡುಗೆಮನೆಗೆ ಹೋದರು. ಪ್ರಭಾವತಿ ಒಲೆಯ ಮುಂದಿನಿಂದ ಸರಿದು ಜಾಗ ಬಿಟ್ಟರು. ಚಾ ಕುದಿಯಿತು, ಸೋಸಿದ್ದಾಯಿತು. ಹೊಯ್ಯಲು ಹೊರಟರೆ ಕೈ ಎದೆಯ ಮಟ್ಟವನ್ನೂ ದಾಟಲಿಲ್ಲ. ಒಂದು ಗೇಣು ಎತ್ತರದಿಂದ ಸುರಿದ ಚಾವನ್ನೇ ತಂದು ಅವಳ ಕೈಗಿಟ್ಟರು.

"ನೊರೆಯೇ ಬರ್ಲಿಲ್ಲ ಮಗಾ," ಎಂದರು.

ಪ್ರಣೀತಾ ಕುಡಿದಳು. ಲೋಟ ಖಾಲಿಯಾಯಿತು. ಆಮೇಲೆ, "ಇನ್ನೊಂದ್ ಚೂರ್ ಇತ್ತಾ?" ಎಂದು ಲೋಟವನ್ನು ಅವರತ್ತ ಚಾಚಿದಳು.